ಚಲಚ್ಚಿತ್ರದ ಶುದ್ಧಪ್ರತಿಗೆ ಕೊಡುವ ಬೆಲೆ

ಗ್ರಂಥವನ್ನು ಕೊಳ್ಳುವವನು ಕಾಗದ ರಟ್ಟುಗಳಿಗೆ ಬೆಲೆ ತೆರುತ್ತಾನೆಯೋ, ಅದರೊಳಗಣ ಪಾಠಕ್ಕೆ ತೆರುತ್ತಾನೆಯೋ ಎಂಬ ಪ್ರಶ್ನೆ ವಿದ್ವಾಂಸರಿಗೆ ಹೊಸದಲ್ಲ. ಒಂದೇ ಕಾವ್ಯದ ಎರಡು ಮುದ್ರಣಗಳಲ್ಲಿ ಒಂದು ಐವತ್ತು ರೂಪಾಯಿಗೂ ಮತ್ತೊಂದು ಐನೂರು ರೂಪಾಯಿಗೂ ಮಾರಾಟವಾಗುತ್ತಿದ್ದರೆ, ಸಂಪಾದಕನು ಯಾರು, ಆತನು ಯಾವ ಯಾವ ಹಸ್ತಪ್ರತಿಗಳನ್ನು ಆಧರಿಸಿದನು ಎಂಬುದನ್ನು ನೋಡಿಯೇ ನಾವು ನಿರ್ಣಯಕ್ಕೆ ಬರುವೆವು. ಇದೇ ಪ್ರಶ್ನೆ ಈಗ ಚಲಚ್ಚಿತ್ರಗಳನ್ನು ಸಂಗ್ರಹಿಸತಕ್ಕವರ ಮುಂದೆಯೂ ನಿಂತಿದೆ. ಅಧಿಕ ಸ್ಪಷ್ಟತೆಯ ಚಿತ್ರವನ್ನು ಒಳಗೊಂಡ ಬ್ಲೂ-ರೇ ಡಿಸ್ಕುಗಳೂ, ಅವುಗಳ ನಂತರ ಬಂದ 4ಕೆ ಡಿಸ್ಕುಗಳೂ ಸಾಮಾನ್ಯ ಗೃಹಸ್ಥನಿಗೆ ಅಗ್ಗದ ವಸ್ತುಗಳಲ್ಲ. ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹೊರತರುವ ಅಮೆರಿಕದ ಕ್ರೈಟೀರಿಯನ್ ಸಂಸ್ಥೆಯು ಒಂದು ಬ್ಲೂ-ರೇಗೆ ಸಾಮಾನ್ಯವಾಗಿ ಇಡುವ ಬೆಲೆ 39.95 ಡಾಲರು, 4ಕೆ ಆವೃತ್ತಿಗೆ 49.95 ಡಾಲರು. ನಮ್ಮ ಲೆಕ್ಕದಲ್ಲಿ ಮೊದಲನೆಯದಕ್ಕೇ ಮೂರೂವರೆ ಸಾವಿರ ರೂಪಾಯಿಗಳ ಸುಮಾರಾಯಿತು. ಅಂಚೆವೆಚ್ಚ ಮತ್ತು ಸುಂಕಗಳು ಬೇರೆ. ಇಷ್ಟು ಹಣಕ್ಕೆ ತಿಂಗಳ ಚಂದಾದ ಮೇಲೆ ಅಂತರಜಾಲದಲ್ಲಿ ನೂರಾರು ಚಿತ್ರಗಳನ್ನು ನೋಡಬಹುದಾಗಿರುವಾಗ, ಒಂದೇ ಚಿತ್ರದ ಒಂದೇ ಡಿಸ್ಕನ್ನು ಕೊಳ್ಳುವುದು ವಿವೇಕವೇ?

ಡಿಸ್ಕಿನ ಹೊದಿಕೆಯ ಮೇಲೆ ಮುದ್ರಿತವಾದ ಅಂಕೆಗಳನ್ನು ನೋಡಿ ಅದರ ಬೆಲೆಯನ್ನು ಅಳೆಯುವುದು ಸಲ್ಲದು, ಅದರೊಳಗಿನ ಚಿತ್ರವು ಯಾವ ಮೂಲದಿಂದ, ಯಾರ ಕೈಯಿಂದ ಬಂದಿತೆಂಬುದನ್ನು ನೋಡಿ ಅಳೆಯಬೇಕು ಎಂಬುದು ಪ್ರಸ್ತುತ ಲೇಖಕನ ಅಭಿಪ್ರಾಯ. ಆದರೂ ಅಂಕೆಗಳ ಅರ್ಥವನ್ನು ಮೊದಲು ತಿಳಿದುಕೊಳ್ಳುವುದು ಯುಕ್ತ.

1996ರ ನವೆಂಬರಿನಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂದ ಡಿವಿಡಿಯಲ್ಲಿ, ನಮ್ಮ ಪಾಲ್ ಪದ್ಧತಿಯ ಪ್ರಕಾರ, ಒಂದು ಚೌಕಟ್ಟಿಗೆ ಅಡ್ಡಲಾಗಿ 720, ಉದ್ದಕ್ಕೆ 576 ಚಿತ್ರಬಿಂದುಗಳಿರುತ್ತವೆ. 2006ರಲ್ಲಿ ಮಾರುಕಟ್ಟೆಗೆ ಬಂದ ಬ್ಲೂ-ರೇ ಚಿತ್ರಗಳಲ್ಲಿ 1920 ಮತ್ತು 1080. ಗುಣಿಸಿ ನೋಡಿದರೆ ಎರಡನೆಯದು ಮೊದಲನೆಯದರ ನಿಖರವಾಗಿ ಐದು ಪಟ್ಟು. 2016ರಿಂದ ಬರುತ್ತಿರುವ 4ಕೆ ಡಿಸ್ಕಿನಲ್ಲಿ 3840 ಮತ್ತು 2160, ಅಂದರೆ ಬ್ಲೂ-ರೇಯ ನಾಲ್ಕು ಪಟ್ಟು. ಅದೇ ಅಳತೆಯ ಬಿಲ್ಲೆಯಲ್ಲಿ ಇಷ್ಟನ್ನು ತುಂಬಲು ಸಾಧ್ಯವಾದದ್ದು ಬೆಳಕಿನ ಬಣ್ಣದಿಂದ. ಡಿವಿಡಿಯನ್ನು ಓದುವ ಕೆಂಪು ಕಿರಣದ ತರಂಗದೂರ 650 ನ್ಯಾನೋಮೀಟರು. ಬ್ಲೂ-ರೇಯ ನೀಲನೇರಳೆ ಕಿರಣದ್ದು 405. ಮೊನೆ ಸಣ್ಣದಾದ ಕಂಠದಿಂದ ಸಣ್ಣ ಅಕ್ಷರಗಳನ್ನು ಒತ್ತಾಗಿ ಬರೆಯಬಹುದಾದಂತೆ, ಸಣ್ಣ ತರಂಗದೂರದ ಕಿರಣವು ಸಣ್ಣ ಗುಳಿಗಳನ್ನು ಓದಬಲ್ಲದು. ಆದುದರಿಂದಲೇ ಒಂದು ಪದರದ ಡಿವಿಡಿಯಲ್ಲಿ 4.7 ಗಿಗಾಬೈಟ್ ಹಿಡಿದರೆ ಬ್ಲೂ-ರೇಯಲ್ಲಿ 25 ಹಿಡಿಯುತ್ತದೆ. ಈ ಬಗೆಯ ಬೆಳಕನ್ನು ಸೂಸುವ ಅರೆವಾಹಕಗಳ ಹಿಂದಿನ ಮೂಲಶೋಧ ನಡೆಸಿದ ಅಕಾಸಾಕಿ, ಅಮಾನೋ ಮತ್ತು ನಾಕಾಮುರ ಅವರಿಗೆ ನೀಲಿ ದೀಪದ ಹೆಸರಿನಲ್ಲಿ 2014ರ ಭೌತಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು.

ಇದೇ ನೀಲಕಿರಣವನ್ನು ಆಧರಿಸಿ ತೋಷಿಬಾ ಸಂಸ್ಥೆಯು ಎಚ್‌ಡಿ ಡಿವಿಡಿ ಎಂಬ ಬೇರೊಂದು ಪದ್ಧತಿಯನ್ನು ಬ್ಲೂ-ರೇಗೆ ಪ್ರತಿಯಾಗಿ ನಿಲ್ಲಿಸಿತ್ತು. 2008ರ ಜನವರಿಯಲ್ಲಿ ವಾರ್ನರ್ ಸಂಸ್ಥೆ ಬ್ಲೂ-ರೇ ಪಕ್ಷಕ್ಕೆ ಬಂದೊಡನೆ ತಕ್ಕಡಿ ವಾಲಿತು. ಫೆಬ್ರುವರಿ 19ರಂದು ತೋಷಿಬಾ ತನ್ನ ಪದ್ಧತಿಯನ್ನು ಕೈಬಿಟ್ಟಿತು. ಎರಡು ವರ್ಷ ಹಣ ಕೊಟ್ಟು ಎಚ್‌ಡಿ ಡಿವಿಡಿಗಳನ್ನು ಕೂಡಿಸಿದವರ ಕೈಯಲ್ಲಿ ಒಂದು ಸತ್ತ ಪದ್ಧತಿಯ ಬಿಲ್ಲೆಗಳುಳಿದವು. ಆ ಬಿಲ್ಲೆಗಳ ಅಂಕೆಗಳಲ್ಲಿ ಕೊರತೆ ಏನೂ ಇರಲಿಲ್ಲ. ಅವುಗಳಲ್ಲಿದ್ದದ್ದೂ 1920 ಮತ್ತು 1080 ಬಿಂದುಗಳೇ.

ಇನ್ನು ಕಣ್ಣಿನ ವಿಚಾರ. ಬಿಂದುಗಳು ಎಷ್ಟಿದ್ದರೂ ನೋಡುವ ಕಣ್ಣಿಗೆ ಅವು ಬೇರೆಬೇರೆಯಾಗಿ ತೋರದಿದ್ದರೆ ಪ್ರಯೋಜನವಿಲ್ಲವಷ್ಟೆ. ಆರೋಗ್ಯವಂತ ಕಣ್ಣು ಸಾಮಾನ್ಯವಾಗಿ ಒಂದು ಅಂಶದ ಅರವತ್ತನೆಯ ಒಂದು ಭಾಗದಷ್ಟು ಕೋನವನ್ನು ಬೇರ್ಪಡಿಸಿ ಕಾಣಬಲ್ಲದೆಂದು ಲೆಕ್ಕ ಹಿಡಿಯುತ್ತಾರೆ. 43 ಅಂಗುಲದ ದೂರದರ್ಶನದ ತೆರೆಯ ಅಗಲ ಸುಮಾರು 95 ಸೆಂಟಿಮೀಟರು. ಅದರ ಮೇಲೆ 1920 ಬಿಂದುಗಳನ್ನು ಹರಡಿದರೆ ಒಂದೊಂದರ ಅಗಲ ಅರ್ಧ ಮಿಲಿಮೀಟರು. ಕಣ್ಣಿನಿಂದ 1.7 ಮೀಟರಿಗಿಂತ ದೂರದಲ್ಲಿ ಇಂತಹ ಬಿಂದುಗಳು ಒಂದರೊಳಗೊಂದು ಬೆರೆತುಹೋಗುತ್ತವೆ. ಅದೇ ತೆರೆಯ ಮೇಲೆ ಡಿವಿಡಿಯ 576 ಸಾಲುಗಳು ಬೆರೆಯುವುದು 3.2 ಮೀಟರಿನ ಆಚೆ. ಮುಂಬಯಿ ಪುಣೆಗಳ ಸಾಧಾರಣ ಮನೆಯ ಬೈಠಕ್ಕಿನಲ್ಲಿ ಕುರ್ಚಿಗೂ ತೆರೆಗೂ ಇರುವ ಅಂತರ ಎರಡೂವರೆ ಮೀಟರು ಎಂದಿಟ್ಟುಕೊಳ್ಳೋಣ. ಅಲ್ಲಿ ಕುಳಿತವನಿಗೆ ಡಿವಿಡಿಗೂ ಬ್ಲೂ-ರೇಗೂ ಇರುವ ಭೇದ ನಿಶ್ಚಯವಾಗಿ ತೋರುತ್ತದೆ. ಬ್ಲೂ-ರೇಗೂ 4ಕೆಗೂ ನಡುವಣ ಬಿಂದುಗಳ ಭೇದ ತೋರುವುದು ಸಾಧ್ಯವೇ ಇಲ್ಲ. ನೂರು ಅಂಗುಲದ ಪರದೆಯ ಮೇಲೆ ಪ್ರಕ್ಷೇಪಕದಿಂದ ಚಿತ್ರ ಬೀಳಿಸುವ ಅನುಕೂಲವುಳ್ಳವರ ಮಾತು ಬೇರೆ. ಅಲ್ಲಿ ಬ್ಲೂ-ರೇಯ ಬಿಂದುಗಳು ಬೆರೆಯುವುದು ನಾಲ್ಕು ಮೀಟರಿನ ಸುಮಾರಿನಲ್ಲಿ. 4ಕೆ ಡಿಸ್ಕಿನಲ್ಲಿ ಬಣ್ಣದ ಛಾಯೆಗಳೂ ಬೆಳಕು ಕತ್ತಲೆಗಳ ವ್ಯಾಪ್ತಿಯೂ ಹೆಚ್ಚೆಂಬುದು ನಿಜ, ಸಮರ್ಥವಾದ ತೆರೆಯಿದ್ದರೆ ಅದು ದೂರದಿಂದಲೂ ಗೋಚರಿಸುತ್ತದೆ. ಆದರೆ ಕೇವಲ ಬಿಂದುಗಳ ಆಸೆಗೆ ಚಿಕ್ಕ ಮನೆಯವರು ಹೆಚ್ಚಿನ ಹಣ ತೆರುವುದು ವ್ಯರ್ಥವೆಂದು ಧೈರ್ಯವಾಗಿ ಹೇಳಬಹುದು.

ಅಂತರಜಾಲದ ಚಂದಾಸಂಸ್ಥೆಗಳೂ 4ಕೆ ಎಂಬ ಮುದ್ರೆಯೊತ್ತಿಯೇ ಚಿತ್ರಗಳನ್ನು ಬಡಿಸುತ್ತಿರುವುದರಿಂದ ಡಿಸ್ಕು ಏತಕ್ಕೆ ಎಂದು ಕೇಳುವವರುಂಟು. ಬಿಂದುಗಳ ಸಂಖ್ಯೆ ಸಮನಾಗಿದ್ದರೂ ಪ್ರತಿಯೊಂದು ಬಿಂದುವಿನ ವಿಷಯದಲ್ಲಿ ಎಷ್ಟು ಮಾಹಿತಿ ಬರುತ್ತದೆ ಎಂಬುದು ಬೇರೆಯೇ ಲೆಕ್ಕ. ನೆಟ್‌ಫ್ಲಿಕ್ಸ್ ಸಂಸ್ಥೆಯು 4ಕೆ ನೋಟಕ್ಕೆ ಸೆಕೆಂಡಿಗೆ 15 ಮೆಗಾಬಿಟ್ ವೇಗದ ಸಂಪರ್ಕ ಸಾಕೆನ್ನುತ್ತದೆ. ಹಳೆಯ ಬ್ಲೂ-ರೇಯಲ್ಲಿಯೇ ಚಿತ್ರಕ್ಕೆ 40ರ ವರೆಗೆ ಅವಕಾಶವಿದೆ. 4ಕೆ ಡಿಸ್ಕಿನಲ್ಲಿ ಒಟ್ಟು 128ರ ವರೆಗೆ. ಹಗಲಿನ ದೃಶ್ಯಗಳಲ್ಲಿ ಈ ವ್ಯತ್ಯಾಸ ಅಷ್ಟಾಗಿ ಬಾಧಿಸದು. ಹೊಗೆ, ಮಳೆ, ಮಂಜು, ದೀಪ ಆರಿದ ಕೋಣೆಯ ಗೋಡೆ ಇವು ಬಂದಾಗ ಜಾಲದ ಚಿತ್ರದಲ್ಲಿ ಕತ್ತಲೆಯು ಮೆಟ್ಟಿಲು ಮೆಟ್ಟಿಲಾಗಿ ಒಡೆದು ತೋರುವುದನ್ನು ಯಾರಾದರೂ ಪರೀಕ್ಷಿಸಬಹುದು. ಧ್ವನಿಯ ವಿಷಯದಲ್ಲಿಯೂ ಹಾಗೆಯೇ: ಡಿಸ್ಕಿನಲ್ಲಿ ಮೂಲಧ್ವನಿಯನ್ನು ನಷ್ಟವಿಲ್ಲದೆ ಇಡಬಹುದಾಗಿದೆ.

ಆದರೆ ಇದೆಲ್ಲ ಪಾತ್ರೆಯ ಮಾತಾಯಿತು, ಒಳಗಿನ ಪದಾರ್ಥದ್ದಲ್ಲ. ಚಲಚ್ಚಿತ್ರಕ್ಕೂ ಹಸ್ತಪ್ರತಿಗಳಿಗಿರುವಂತೆ ಒಂದು ವಂಶವೃಕ್ಷವುಂಟು. ಛಾಯಾಗ್ರಾಹಕನ ಯಂತ್ರದೊಳಗೆ ಓಡಿದ ನೆಗೆಟಿವ್ ಕವಿಯ ಸ್ವಹಸ್ತಪ್ರತಿಗೆ ಸಮಾನ. ಅದರಿಂದ ಒಂದು ಪಾಸಿಟಿವ್, ಅದರಿಂದ ನಕಲು ನೆಗೆಟಿವ್, ಅದರಿಂದ ಚಿತ್ರಮಂದಿರಗಳಿಗೆ ಹೋಗುವ ಪ್ರಿಂಟುಗಳು, ಹೀಗೆ ಒಂದೊಂದು ತಲೆಮಾರು ಇಳಿದಂತೆಲ್ಲ ಸೂಕ್ಷ್ಮಗಳು ಅಳಿಯುತ್ತ, ಗೀರು ಕಲೆಗಳು ಸೇರುತ್ತ ಹೋಗುತ್ತವೆ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಿಂದ 1966ರ ವರೆಗೆ ಮಹಾಭಾರತದ ಪರಿಷ್ಕೃತ ಪಾಠವನ್ನು ಸಿದ್ಧಪಡಿಸಿದ ಕ್ರಮವನ್ನು ಬಲ್ಲವರಿಗೆ ಈ ಸಮಸ್ಯೆಯನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಕಾಗದ ಎಷ್ಟೇ ನುಣುಪಾಗಿರಲಿ, ಕೆಟ್ಟ ಪ್ರತಿಯಿಂದ ಅಚ್ಚಾದ ಗ್ರಂಥ ಕೆಟ್ಟ ಗ್ರಂಥವೇ. ಸವೆದ ಪ್ರಿಂಟೊಂದನ್ನು ಹಿಡಿದು ಬ್ಲೂ-ರೇಯಲ್ಲಿ ಹಾಕಿದರೆ ಅದರ ಗೀರುಗಳು ಐದು ಪಟ್ಟು ಸ್ಪಷ್ಟವಾಗಿ ಕಾಣುತ್ತವೆ, ಅಷ್ಟೆ.

ಈ ಸಂಪಾದನಕಾರ್ಯ ಯಾವ ಎತ್ತರಕ್ಕೆ ಏರಬಲ್ಲದೆಂಬುದಕ್ಕೆ ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯವೇ ಸಾಕ್ಷಿ. 1955ರ ‘ಪಥೇರ್ ಪಾಂಚಾಲಿ’, 1956ರ ‘ಅಪರಾಜಿತೊ’, 1959ರ ‘ಅಪುರ್ ಸಂಸಾರ್’ ಇವುಗಳ ಮೂಲ ನೆಗೆಟಿವ್‌ಗಳನ್ನು ದುರಸ್ತಿಗೆಂದು ಲಂಡನ್ನಿಗೆ ಕಳುಹಿಸಿದ್ದಾಗ, 1993ರಲ್ಲಿ ಅಲ್ಲಿನ ಹೆಂಡರ್ಸನ್ ಪ್ರಯೋಗಾಲಯದಲ್ಲಿ ಬೆಂಕಿ ಬಿದ್ದಿತು. ಸುಟ್ಟು, ಬಾಗಿ, ಸುಕ್ಕುಗಟ್ಟಿ ಉಳಿದ ಸುರುಳಿಗಳನ್ನು ಎಸೆಯದೆ ಅಮೆರಿಕದ ಅಕಾಡೆಮಿ ಚಿತ್ರಸಂಗ್ರಹಾಲಯವು ಜೋಪಾನ ಮಾಡಿತು. ಇಪ್ಪತ್ತು ವರ್ಷಗಳ ನಂತರ ಇಟಲಿಯ ಬೊಲೊನ್ಯಾ ನಗರದ ಲಿಮ್ಮಾಜಿನೆ ರಿತ್ರೊವಾತಾ ಪ್ರಯೋಗಾಲಯದವರು ಆ ಸುರುಳಿಗಳಿಗೆ ಮತ್ತೆ ತೇವ ಕೊಟ್ಟು, ಅಂಟಿದ್ದನ್ನು ಬಿಡಿಸಿ, ಹರಿದ ಅಂಚುಗಳನ್ನು ಕೈಯಿಂದ ಜೋಡಿಸಿದರು. ‘ಪಥೇರ್ ಪಾಂಚಾಲಿ’ಯ ಶೇಕಡ 40ರಷ್ಟೂ, ‘ಅಪರಾಜಿತೊ’ದ ಶೇಕಡ 60ಕ್ಕೂ ಮಿಕ್ಕ ಭಾಗವೂ ಮೂಲ ನೆಗೆಟಿವ್‌ನಿಂದಲೇ ದೊರಕಿದವು. ಮೂರನೆಯ ಚಿತ್ರದ ಮೂಲ ಕೆಲಸಕ್ಕೆ ಬರಲಿಲ್ಲ. ಕೊರತೆಬಿದ್ದ ಭಾಗಗಳನ್ನು ಬೇರೆಬೇರೆ ಸಂಗ್ರಹಾಲಯಗಳಲ್ಲಿದ್ದ ನಕಲು ನೆಗೆಟಿವ್ ಮೊದಲಾದ ಪ್ರತಿಗಳಿಂದ ತುಂಬಿದರು. ಓಲೆಗರಿ ಮುರಿದಲ್ಲಿ ಮತ್ತೊಂದು ಮಠದ ಪ್ರತಿಯನ್ನು ನೋಡಿ ಪದ್ಯ ಪೂರ್ತಿಗೊಳಿಸುವ ಸಂಪಾದಕನ ಕೆಲಸಕ್ಕೂ ಇದಕ್ಕೂ ಏನು ಭೇದ? 2015ರಲ್ಲಿ ಹೊರಬಂದ ಆ ಬ್ಲೂ-ರೇ ಸಂಪುಟಕ್ಕೆ ಕೊಟ್ಟ ಹಣ ಬಿಲ್ಲೆಯ ಬೆಲೆಯಲ್ಲ, ಆ ಕೈಗಳ ಕೂಲಿಯೆಂದೇ ತಿಳಿಯಬೇಕು. ಡೇವಿಡ್ ಲೀನ್ ಅವರ 1962ರ ‘ಲಾರೆನ್ಸ್ ಆಫ್ ಅರೇಬಿಯಾ’ ಮತ್ತೊಂದು ಉದಾಹರಣೆ. ಅಗಲವಾದ 65 ಮಿಲಿಮೀಟರಿನ ಅದರ ನೆಗೆಟಿವನ್ನು 8ಕೆ ಮಟ್ಟದಲ್ಲಿ ಓದಿ ಸಿದ್ಧಗೊಳಿಸಿದ ಪ್ರತಿಯು 2012ರಲ್ಲಿ ಬ್ಲೂ-ರೇಯಾಗಿ ಬಂದಿತು. ಮರುಭೂಮಿಯ ಅಂಚಿನಲ್ಲಿ ಚುಕ್ಕೆಯಾಗಿ ಹುಟ್ಟಿ ಹತ್ತಿರ ಹತ್ತಿರ ಬರುವ ಒಂಟೆಯ ಸವಾರನನ್ನು ಡಿವಿಡಿಯಲ್ಲಿ ಊಹಿಸಿಕೊಳ್ಳಬೇಕಿತ್ತು. ಇಲ್ಲಿ ಕಣ್ಣಾರೆ ಕಾಣಬಹುದು.

ಕೆಟ್ಟ ಸಂಪಾದಕರೂ ಇಲ್ಲಿ ಇಲ್ಲದಿಲ್ಲ. ಫಿಲ್ಮಿನ ಚಿತ್ರವು ಬೆಳ್ಳಿಯ ಲವಣಗಳ ಸೂಕ್ಷ್ಮ ಕಣಗಳಿಂದ ರೂಪುಗೊಂಡಿರುವುದರಿಂದ, ಸ್ಪಷ್ಟವಾಗಿ ನೋಡಿದಾಗ ಆ ಕಣಗಳ ಮಿಡಿತವೂ ಕಾಣಲೇಬೇಕು. ಹೊಸ ತೆರೆಗಳ ನುಣುಪಿಗೆ ಒಗ್ಗಿದ ಗಿರಾಕಿಗೆ ಇದು ದೋಷದಂತೆ ತೋರೀತೆಂದು ಶಂಕಿಸಿ ಕೆಲವರು ಯಂತ್ರಗಣಿತದಿಂದ ಕಣಗಳನ್ನು ಒರೆಸಿಹಾಕಿದರು. ಕಣಗಳೊಡನೆ ಮುಖದ ಸುಕ್ಕುಗಳೂ ಬಟ್ಟೆಯ ನೆಯ್ಗೆಯೂ ಹೋದವು. 2008ರಲ್ಲಿ ಬಂದ ‘ಪ್ಯಾಟನ್’ ಚಿತ್ರದ ಬ್ಲೂ-ರೇಯೂ, 2010ರ ‘ಪ್ರಿಡೇಟರ್’ ಚಿತ್ರದ ಮರುಮುದ್ರಣವೂ ಇದಕ್ಕೆ ಕುಖ್ಯಾತವಾದವು. ನಟರ ಮುಖಗಳು ಮೇಣದ ಬೊಂಬೆಗಳಂತಾಗಿದ್ದವು. ಓಲೆಯಲ್ಲಿ ರಳವನ್ನು ಕಂಡು, ಇದು ಹಿಂದಿನವನ ಕೈತಪ್ಪೆಂದು ಬಗೆದು, ಎಲ್ಲೆಡೆಯೂ ಕುಳವಾಗಿ ತಿದ್ದಿಬಿಟ್ಟ ಲಿಪಿಕಾರನ ನೆನಪು ಯಾರಿಗೆ ಬಾರದು? ಅವನಿಗೆ ದುರುದ್ದೇಶವಿರಲಿಲ್ಲ, ಅಂದವಾಗಲೆಂದೇ ತಿದ್ದಿದನು. ‘ಪ್ಯಾಟನ್’ ಚಿತ್ರವು 2012ರಲ್ಲಿ ಸುಧಾರಿಸಿದ ಪ್ರತಿಯಾಗಿ ಮತ್ತೆ ಬಂದಿತು. ‘ಗ್ಲ್ಯಾಡಿಯೇಟರ್’ ಚಿತ್ರದ 2009ರ ಬ್ಲೂ-ರೇಯೂ ಆಕ್ಷೇಪಣೆಗಳಿಗೆ ಗುರಿಯಾಗಿ 2010ರಲ್ಲಿ ಬದಲಾಯಿತು. ಈ ಚಟ ಹಳೆಯ ಕಾಲದ್ದೆಂದು ಭ್ರಮಿಸಲಾಗದು. 2024ರಲ್ಲಿ 4ಕೆಯಾಗಿ ಬಂದ ‘ಏಲಿಯನ್ಸ್’ ಮತ್ತು ‘ಟ್ರೂ ಲೈಸ್’ ಚಿತ್ರಗಳಲ್ಲಿ ಕೃತಕಬುದ್ಧಿಯ ಯಂತ್ರಗಳು ಮಾಡಿದ ತಿದ್ದುಪಡಿಗಳನ್ನು ಕುರಿತು ಸಂಗ್ರಾಹಕರಲ್ಲಿ ಬಿರುಸಾದ ವಾದ ನಡೆಯಿತು.

ಮೂಲದಲ್ಲಿಯೇ ಇಲ್ಲದ ಸೂಕ್ಷ್ಮವನ್ನು ಯಾವ ಡಿಸ್ಕೂ ತರಲಾರದೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. 2002ರ ‘28 ಡೇಸ್ ಲೇಟರ್’ ಚಿತ್ರದ ಬಹುಭಾಗವನ್ನು ಗೃಹಬಳಕೆಯ ಮಟ್ಟಕ್ಕೆ ಸಮೀಪದ ಸಣ್ಣ ವಿಡಿಯೋ ಕ್ಯಾಮೆರಾಗಳಿಂದ ತೆಗೆದಿದ್ದಾರೆ. ಅದರ ಬ್ಲೂ-ರೇಗೂ ಡಿವಿಡಿಗೂ ಇರುವ ಅಂತರ ಅತ್ಯಲ್ಪ. 2000ದ ನಂತರದ ಅನೇಕ ಚಿತ್ರಗಳನ್ನು ಫಿಲ್ಮಿನಲ್ಲಿ ತೆಗೆದರೂ ಗಣಕಯಂತ್ರದಲ್ಲಿ 2ಕೆ ಮಟ್ಟದಲ್ಲಿ, ಅಂದರೆ ಬ್ಲೂ-ರೇಗಿಂತ ಕೊಂಚವೇ ಹೆಚ್ಚಿನ ಬಿಂದುಗಳಲ್ಲಿ, ಪೂರ್ತಿಗೊಳಿಸಿದ್ದಾರೆ. ಅಂತಹ ಪ್ರತಿಯನ್ನು ಹಿಗ್ಗಿಸಿ 4ಕೆ ಎಂಬ ಹೆಸರಿನಿಂದ ಮಾರಿದರೆ ಬಣ್ಣಗಳಿಗೆ ಲಾಭವಾದೀತು, ಸೂಕ್ಷ್ಮಕ್ಕೆ ಆಗದು. ಹೊಸ ಚಿತ್ರಕ್ಕಿಂತ 1950 ಮತ್ತು 60ರ ದಶಕಗಳ ಹಳೆಯ ಚಿತ್ರವೇ ಈ ಡಿಸ್ಕುಗಳಿಂದ ಹೆಚ್ಚು ಗಳಿಸುತ್ತದೆಂಬುದು ವಿಚಿತ್ರವಾಗಿ ತೋರಿದರೂ ಸತ್ಯ.

ಒಡೆತನದ ಪ್ರಶ್ನೆ ಇದಕ್ಕಿಂತ ಗಂಭೀರವಾದದ್ದು. ಚಂದಾ ಕೊಟ್ಟು ನೋಡುವ ಚಿತ್ರ ನಮ್ಮದಲ್ಲವೆಂಬುದು ಸ್ಪಷ್ಟ. ಹಣ ಕೊಟ್ಟು ‘ಕೊಂಡ’ ಅಂತರಜಾಲದ ಪ್ರತಿಯೂ ನಮ್ಮದಲ್ಲವೆಂಬುದನ್ನು ಬಹುಮಂದಿ ಗಮನಿಸಿರಲಾರರು. ಹಾಲಿವುಡ್ಡಿನ ದೊಡ್ಡ ಸಂಸ್ಥೆಗಳನೇಕವು ಸೇರಿ ನಡೆಸಿದ ಅಲ್ಟ್ರಾವಯೊಲೆಟ್ ಎಂಬ ಭಂಡಾರವು 2019ರ ಜುಲೈ 31ರಂದು ಬಾಗಿಲು ಹಾಕಿತು. ಇಂತಹ ವ್ಯವಹಾರದಲ್ಲಿ ಗಿರಾಕಿಗೆ ದೊರಕುವುದು ಪರವಾನಿಗೆ ಮಾತ್ರವೆಂದು ಮುಂಚಿತವಾಗಿಯೇ ತಿಳಿಸಬೇಕೆಂಬ ಕಾಯಿದೆಯೊಂದು ಕ್ಯಾಲಿಫೋರ್ನಿಯದಲ್ಲಿ 2025ರ ಜನವರಿ 1ರಿಂದ ಜಾರಿಗೆ ಬಂದಿದೆ. ಪಾಠವೂ ಸ್ಥಿರವಲ್ಲ. 1971ರ ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರವನ್ನು ಜಾಲದಲ್ಲಿ ನೋಡಿದವರು, ನಾಯಕನ ಹೀನ ಮಾತುಗಳುಳ್ಳ ಒಂದು ಚಿಕ್ಕ ಭಾಗವನ್ನು ಸದ್ದಿಲ್ಲದೆ ಕತ್ತರಿಸಿರುವುದನ್ನು 2023ರಲ್ಲಿ ಪತ್ತೆಹಚ್ಚಿದರು. ಆ ಮಾತುಗಳು ಒಪ್ಪತಕ್ಕವೇ ಎಂಬ ಚರ್ಚೆ ಇಲ್ಲಿ ಬೇಡ. ಕತ್ತರಿಸಲಾಗಿದೆಯೆಂದು ಸಿದ್ಧಪಡಿಸಲು ಹಿಂದಿನ ಡಿಸ್ಕು ಕಪಾಟಿನಲ್ಲಿದ್ದವನಿಗೆ ಮಾತ್ರ ಸಾಧ್ಯವಾಯಿತು.

ಹಾಗೆಂದು ಡಿಸ್ಕು ಅಜರಾಮರವೆಂದು ಭಾವಿಸುವಂತಿಲ್ಲ. 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿವಿಡಿಗಳು ಕೆಡುತ್ತಿರುವುದನ್ನು ವಾರ್ನರ್ ಸಂಸ್ಥೆಯೇ 2025ರಲ್ಲಿ ಒಪ್ಪಿಕೊಂಡಿತು. ಪದರಗಳ ನಡುವಣ ಅಂಟು ಸಡಿಲವಾಗಿ ಗಾಳಿ ಹೊಕ್ಕರೆ ಒಳಗಿನ ಲೋಹದ ಹಾಳೆ ಕಂದುತ್ತದೆ. ಕರಾವಳಿಯ ನಗರಗಳ ಮಳೆಗಾಲದಲ್ಲಿ ಡಿಸ್ಕುಗಳನ್ನು ಹೊರಗೋಡೆಗೆ ತಾಗಿದ ಕಪಾಟಿನಲ್ಲಿಡದಿರುವುದೂ, ಅಡ್ಡಲಾಗಿ ಪೇರಿಸದೆ ಪುಸ್ತಕದಂತೆ ನಿಲ್ಲಿಸುವುದೂ ಲೇಸು. ಇನ್ನು ಡಿಸ್ಕನ್ನು ಓದುವ ಯಂತ್ರಗಳ ಸ್ಥಿತಿಯೂ ಚಿಂತಾಜನಕ. ಶ್ರೇಷ್ಠವಾದ ಯಂತ್ರಗಳಿಗೆ ಹೆಸರಾದ ಆಪ್ಪೋ 2018ರಲ್ಲಿ ನಿಲ್ಲಿಸಿತು. ಅಮೆರಿಕಕ್ಕೆ ಹೊಸ ಮಾದರಿಗಳನ್ನು ತರುವುದಿಲ್ಲವೆಂದು ಸ್ಯಾಮ್‌ಸಂಗ್ 2019ರಲ್ಲಿ ಸಾರಿತು. 2024ರಲ್ಲಿ ಎಲ್‌ಜಿ ಕೂಡ ಹಿಂದೆ ಸರಿಯಿತು. ಅಂಚೆಯ ಮೂಲಕ ಡಿವಿಡಿ ಎರವಲು ಕೊಡುವುದನ್ನು 1998ರಲ್ಲಿ ಆರಂಭಿಸಿದ ನೆಟ್‌ಫ್ಲಿಕ್ಸ್ 2023ರ ಸೆಪ್ಟೆಂಬರ್ 29ರಂದು ಕೊನೆಯ ಡಿಸ್ಕನ್ನು ರವಾನಿಸಿತು. ಮುಂಬಯಿಯ ಕಾಳಾಘೋಡಾದಲ್ಲಿ 1948ರಿಂದ ನಡೆದಿದ್ದ ರಿದಂ ಹೌಸ್ 2016ರ ಫೆಬ್ರುವರಿ ಕೊನೆಗೆ ಮುಚ್ಚಿದ್ದು ಇಲ್ಲಿನ ಓದುಗರಿಗೆ ಗೊತ್ತಿದ್ದದ್ದೇ. ಸಂಗ್ರಹವುಳ್ಳವರು ಒಂದು ಹೆಚ್ಚಿನ ಯಂತ್ರವನ್ನು ಕೊಂಡು ತೆಗೆದಿರಿಸುವುದು ಕೊನೆಯ ಹತ್ತು ಡಿಸ್ಕುಗಳನ್ನು ಕೊಳ್ಳುವುದಕ್ಕಿಂತ ಹೆಚ್ಚು ದೂರದೃಷ್ಟಿಯ ಖರ್ಚು.

ಪ್ರದೇಶಬಂಧನವೆಂಬ ಮತ್ತೊಂದು ತೊಡಕುಂಟು. ಬ್ಲೂ-ರೇಗಾಗಿ ಜಗತ್ತನ್ನು ಎ, ಬಿ, ಸಿ ಎಂದು ವಿಭಾಗಿಸಿದ್ದಾರೆ. ಅಮೆರಿಕ ಎ ವಿಭಾಗಕ್ಕೂ ನಮ್ಮ ದೇಶ ಸಿ ವಿಭಾಗಕ್ಕೂ ಸೇರಿವೆ. ಎ ವಿಭಾಗಕ್ಕೆ ಬೀಗ ಹಾಕಿದ ಡಿಸ್ಕು ಇಲ್ಲಿ ಕೊಂಡ ಸಾಧಾರಣ ಯಂತ್ರದಲ್ಲಿ ಓಡದು. 4ಕೆ ಡಿಸ್ಕುಗಳಿಗೆ ಈ ಬೀಗವಿಲ್ಲ. ಚಿಕ್ಕ ತೆರೆಯವರಿಗೂ 4ಕೆ ಡಿಸ್ಕನ್ನು ಸೂಚಿಸಲು ಇದೊಂದೇ ಕಾರಣ ಉಳಿಯುತ್ತದೆ. ಅದೂ 4ಕೆ ಯಂತ್ರ ಮೊದಲೇ ಮನೆಯಲ್ಲಿದ್ದರೆ.

ಬ್ಯಾಂಕಿನಲ್ಲಿ ದಿನ ಕಳೆಯುವವನಿಗೆ ಬಡ್ಡಿಯ ಲೆಕ್ಕ ತಾನಾಗಿಯೇ ಕೈಗೆ ಬರುತ್ತದೆ. ಮೂರೂವರೆ ಸಾವಿರ ರೂಪಾಯಿಗಳನ್ನು ಶೇಕಡ 7ರ ಬಡ್ಡಿಗೆ ಇಟ್ಟರೆ ವರ್ಷಕ್ಕೆ 245 ರೂಪಾಯಿ. ಚಕ್ರಬಡ್ಡಿಯಲ್ಲಿ ಹತ್ತು ವರ್ಷಕ್ಕೆ ಅಸಲು ದುಪ್ಪಟ್ಟಿಗೆ ಸಮೀಪಿಸುತ್ತದೆ. ಹತ್ತು ವರ್ಷಗಳ ನಂತರ ಆ ಡಿಸ್ಕು ಏಳು ಸಾವಿರಕ್ಕೆ ಮಾರಾಟವಾದೀತೇ? ಅಚ್ಚು ಮುಗಿದು ಮತ್ತೆ ಬಾರದ ಕೆಲವು ಡಿಸ್ಕುಗಳಿಗೆ ಅಂತಹ ಬೆಲೆ ಬರುವುದುಂಟು. ಆದರೆ ಅದೇ ಚಿತ್ರ ಉತ್ತಮ ಪ್ರತಿಯಾಗಿ ಮರುಮುದ್ರಣಗೊಂಡ ದಿನವೇ ಹಳೆಯದರ ಬೆಲೆ ಕುಸಿಯುತ್ತದೆ. ‘ಗ್ಲ್ಯಾಡಿಯೇಟರ್’ನ ಮೊದಲ ಮುದ್ರಣವನ್ನು ಇಟ್ಟುಕೊಂಡು ಲಾಭಕ್ಕೆ ಕಾದವನಿಗೆ ಏನು ಸಿಕ್ಕೀತು! ಆದುದರಿಂದ ಡಿಸ್ಕನ್ನು ಹೂಡಿಕೆಯೆಂದು ಕೊಳ್ಳುವುದು ತಪ್ಪು. ವರ್ಷಕ್ಕೊಮ್ಮೆಯಾದರೂ ಮನೆಮಂದಿಯೊಡನೆ ಕುಳಿತು ನೋಡುವ ಚಿತ್ರಕ್ಕೆ 245 ರೂಪಾಯಿ ಅಧಿಕವಲ್ಲ, ನಗರದ ಚಿತ್ರಮಂದಿರದಲ್ಲಿ ಒಬ್ಬನ ಟಿಕೀಟಿಗೇ ಅಷ್ಟು ಬೇಕು. ಒಮ್ಮೆ ನೋಡಿ ಹೊದಿಕೆಯೊಳಗೆ ಮಲಗಿಸುವ ಚಿತ್ರಕ್ಕೆ ಅದು ದಂಡ. ಅವಸರವಿಲ್ಲದವರು ಕಾಯುವುದೂ ಒಂದು ಉಪಾಯ: ಕ್ರೈಟೀರಿಯನ್ ಡಿಸ್ಕುಗಳು ಅಮೆರಿಕದ ಬಾರ್ನ್ಸ್ ಅಂಡ್ ನೋಬಲ್ ಅಂಗಡಿಗಳಲ್ಲಿ ಜುಲೈ ಮತ್ತು ನವೆಂಬರ್ ತಿಂಗಳುಗಳಲ್ಲಿ ಅರ್ಧ ಬೆಲೆಗೆ ದೊರೆಯುವ ರೂಢಿಯಿದೆ. ಅಲ್ಲಿಂದ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಎರಡು ಡಿಸ್ಕುಗಳಿಗೆ ಸ್ಥಳವಿಲ್ಲದೆ ಹೋಗದು.

ಇಷ್ಟು ಹೇಳಿದ ಮೇಲೆ ನಮ್ಮ ಭಾಷೆಯ ಚಿತ್ರಗಳ ಗತಿಯೇನೆಂಬ ಪ್ರಶ್ನೆ ಬಂದೇ ಬರುತ್ತದೆ. ಕನ್ನಡ ಚಿತ್ರಗಳ ಬ್ಲೂ-ರೇಗಳು ಅತಿ ವಿರಳ. ಕೊಲ್ಲಾಪುರದ ಛತ್ರಪತಿ ಸಿನೆಟೋನ್‌ನಲ್ಲಿ ತಯಾರಾಗಿ 1934ರ ಮಾರ್ಚಿ 3ರಂದು ತೆರೆಕಂಡ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪಿತವಾದದ್ದೇ 1964ರಲ್ಲಿ. ಅದು ಕೂಡಿಹಾಕಿದ್ದರಲ್ಲಿಯೂ ಅನೇಕ ನೈಟ್ರೇಟ್ ಸುರುಳಿಗಳು 2003ರ ಜನವರಿಯ ಬೆಂಕಿಗೆ ಆಹುತಿಯಾದವು. ಉಳಿದದ್ದಕ್ಕೆ ಶ್ರಮಿಸಿದರೆ ಫಲವಿದೆಯೆಂಬುದೂ ದಿಟ. ಗಿರೀಶ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಸ್ಕೋರ್ಸೇಸಿಯವರ ವರ್ಲ್ಡ್ ಸಿನೆಮಾ ಪ್ರಾಜೆಕ್ಟ್ ಮತ್ತು ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್‌ಗಳು ಪುನರುದ್ಧಾರ ಮಾಡಿಸಿ, 2024ರಲ್ಲಿ ವೆನಿಸ್ ಚಿತ್ರೋತ್ಸವದ ಪ್ರಾಚೀನ ಕೃತಿಗಳ ವಿಭಾಗದಲ್ಲಿ ಪ್ರದರ್ಶಿಸಿದವು. 1957ರ ಗ್ರಂಥಸ್ವಾಮ್ಯ ಕಾಯಿದೆಯ ಪ್ರಕಾರ ಚಲಚ್ಚಿತ್ರದ ಹಕ್ಕು ಬಿಡುಗಡೆಯ ಮರುವರ್ಷದಿಂದ 60 ವರ್ಷ. ಕನ್ನಡದ ಮೊದಲ ಪೂರ್ಣ ವರ್ಣಚಿತ್ರವಾದ 1964ರ ‘ಅಮರಶಿಲ್ಪಿ ಜಕಣಾಚಾರಿ’ಯ ಅವಧಿ 2024ರ ಕೊನೆಗೇ ತೀರಿತು. ಹಾಡುಗಳ ಸಾಹಿತ್ಯ ಸಂಗೀತಗಳ ಹಕ್ಕು ಬೇರೆಯಾಗಿ ನಿಂತಿರಬಹುದು. ಹಕ್ಕಿನ ಬೇಲಿ ಕಳಚಿದರೂ ಒಳ್ಳೆಯ ಪ್ರತಿ ಕೈಗೆ ಸಿಗದಿದ್ದರೆ ಡಿಸ್ಕು ಮಾಡುವುದಾದರೂ ಯಾವುದರಿಂದ?

ಈ ಕಾರಣದಿಂದ, ಮೂರೂವರೆ ಸಾವಿರದ ಬ್ಲೂ-ರೇಗಿಂತ ಇಪ್ಪತ್ತೆಂಟು ರೂಪಾಯಿಯ ವಿಸಿಡಿಯೊಂದು ಕನ್ನಡ ಸಂಗ್ರಾಹಕನಿಗೆ ಬೆಲೆಬಾಳುವುದೆಂದರೆ ಅತಿಶಯೋಕ್ತಿಯಾಗದು. ಮೋಸರ್ ಬೇರ್ ಸಂಸ್ಥೆ 2007ರಲ್ಲಿ ವಿಸಿಡಿಗೆ 28, ಡಿವಿಡಿಗೆ 34 ರೂಪಾಯಿ ಬೆಲೆಯಿಟ್ಟು ಭಾರತೀಯ ಭಾಷೆಗಳ ಚಿತ್ರಗಳನ್ನು ಮನೆಮನೆಗೆ ಹಂಚಿತು. ಬೇರೆ ಕಂಪನಿಗಳೂ ಹಿಂಬಾಲಿಸಿದವು. 352 ಮತ್ತು 288 ಬಿಂದುಗಳ ಆ ಚಿತ್ರ ಮಸುಕು. ಮೂಲೆಯಲ್ಲಿ ಕಂಪನಿಯ ಮೊಹರು. ಕೆಲವು ಸಲ ಹಾಡುಗಳೇ ಮಾಯ. ಆದರೂ ಒಂದೇ ಒಂದು ಓಲೆಪ್ರತಿಯಿಂದ, ಅದೂ ಹುಳು ತಿಂದ ಪ್ರತಿಯಿಂದ, ಉಳಿದುಬಂದ ಕೃತಿಗಳು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಉಂಟಷ್ಟೆ. ಮನೆ ಬದಲಾಯಿಸುವಾಗ ಇಂತಹ ಡಿಸ್ಕುಗಳನ್ನು ರದ್ದಿಯವನಿಗೆ ಹಾಕುವವರು ಒಮ್ಮೆ ತಡೆದು, ಆ ಚಿತ್ರ ಬೇರೆಡೆ ಪೂರ್ಣವಾಗಿ ದೊರೆಯುತ್ತದೆಯೇ ಎಂದು ನೋಡಬೇಕು.

ಪೂರ್ಣವೋ ಅಪೂರ್ಣವೋ ಎಂದು ತಿಳಿಯಲು ಸುಲಭವಾದ ಮಾರ್ಗವೊಂದಿದೆ. ಚಿತ್ರದ ಮೊದಲಿಗೆ ಕ್ಷಣಕಾಲ ತೋರುವ ಸೆನ್ಸಾರ್ ಪ್ರಮಾಣಪತ್ರದಲ್ಲಿ ಚಿತ್ರದ ಉದ್ದವನ್ನು ಮೀಟರುಗಳಲ್ಲಿ ನಮೂದಿಸಿರುತ್ತಾರೆ. ಹಳೆಯ ಪತ್ರಗಳಲ್ಲಿ ಅಡಿಗಳಲ್ಲಿ. 35 ಮಿಲಿಮೀಟರಿನ ಫಿಲ್ಮು ನಿಮಿಷಕ್ಕೆ 90 ಅಡಿ, ಅಂದರೆ 27.4 ಮೀಟರು, ಓಡುತ್ತದೆ. 4,110 ಮೀಟರು ಎಂದು ಬರೆದಿದ್ದರೆ ಮೂಲಚಿತ್ರ 150 ನಿಮಿಷದ್ದು. ಪಾಲ್ ಪದ್ಧತಿಯ ಡಿಸ್ಕಿನಲ್ಲಿ ಸೆಕೆಂಡಿಗೆ 24ರ ಬದಲು 25 ಚೌಕಟ್ಟುಗಳು ಓಡುವುದರಿಂದ ಅದೇ ಚಿತ್ರ 144 ನಿಮಿಷಕ್ಕೆ ಮುಗಿಯುತ್ತದೆ, ಇದು ನಷ್ಟವಲ್ಲ. ಯಂತ್ರದ ಗಡಿಯಾರ 136 ಎಂದು ತೋರಿಸಿದರೆ ಎಂಟು ನಿಮಿಷಗಳ ಭಾಗ ಎಲ್ಲಿಯೋ ಕತ್ತರಿಗೆ ಸಿಕ್ಕಿದೆ. ಈ ಎರಡು ಅಂಕೆಗಳನ್ನೂ ಪ್ರಮಾಣಪತ್ರದ ಸಂಖ್ಯೆಯನ್ನೂ ಒಂದು ಚೀಟಿಯಲ್ಲಿ ಬರೆದು ಡಿಸ್ಕಿನ ಹೊದಿಕೆಯೊಳಗೆ ಇಡತಕ್ಕದ್ದು. ಬಿಲ್ಲೆಯ ಮೇಲೆ ಶಾಯಿಯಿಂದ ಬರೆಯಬಾರದು.